ಕೆಳಗಿನ ಗೆರೆ ಮೊದಲು

ಜೂನ್ 4, 2008

ತಮ್ಮಾ,

ನೀನು ಕಳಿಸಿದ ಡಿವಿಡಿ ನಿನ್ನೆ ತಲುಪಿತು. ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಕಿಟಕಿಯ ಪರದೆ ಎಳೆದೆ, ಟಿವಿಯ ಧೂಳು ಒರೆಸಿದೆ, ಕನ್ನಡಕ ತೊಳೆದುಕೊಂಡು ಎದುರಿಗೆ ಕೂತೆ. ಹೊಸ ಬಟ್ಟೆ ತೊಡುವುದೊಂದು ಬಾಕಿ ಇತ್ತು.

ಅಮ್ಮ ಬಂದಳು. ಕಂದು ಶಾಲು ಹೊದ್ದು ಮಂಚದ ಮೇಲೆ ಕೂತಿದ್ದಾಳೆ. ಅವಳು ಅಲ್ಲಾಡದೆ ಇದ್ದಷ್ಟು ಹೊತ್ತು ಎಲ್ಲ ಸರಿಯಾಗಿತ್ತು. ಬಾಯಿ ತೆರೆದಳು ನೋಡು, ಶುರುವಾಯಿತು. ತುಟಿ ಮುಂದೆ ಹೋಗುತ್ತದೆ, ಗಕ್ಕನೆ ಹಿಂದೆ ಬರುತ್ತದೆ, ಮತ್ತೆ ಮುಂದೆ. ಕೈ ಎತ್ತಿದರೆ ಒಂದು ಕೈ ಎರಡಾಗಿ ಅದುರುತ್ತದೆ. ಕೆಟ್ಟ ರಸ್ತೆಯ ಬಸ್ಸಿನ ಕಿಟಕಿಯಿಂದ ಅವಳನ್ನು ನೋಡಿದಂತೆ. ಒಂದೂಮುಕ್ಕಾಲು ಗಂಟೆಯಲ್ಲಿ ನನಗೆ ದಕ್ಕಿದ್ದು ಹನ್ನೊಂದು ಪದ. ಎಣಿಸಿದ್ದೇನೆ.

ಆಸ್ಪತ್ರೆಗೆ ನಾನು ಓಡಿ ಬಂದಾಗ ಅಮ್ಮನ ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಇತ್ತು. ನಾಲ್ಕು ದಿನ. ಅದರೊಳಗೆ ತುಟಿ ಆಡುತ್ತಿತ್ತು, ಪ್ಲಾಸ್ಟಿಕ್ಕಿನ ಮೇಲೆ ಆವಿ ಕಟ್ಟುತ್ತಿತ್ತು. ನೀವೆಲ್ಲ ಬಗ್ಗಿ ಕಿವಿಗೊಟ್ಟು ಕೇಳಿದಿರಿ. ನಾನು ಅವಳ ಕಾಲ ಬಳಿ ನಿಂತಿದ್ದೆ. ಏಳನೇ ವರ್ಷದ ಜ್ವರ ನನ್ನ ಕಿವಿಗಳನ್ನು ಒಯ್ದ ಮೇಲೆ ನನ್ನ ಪಾಲಿಗೆ ಅಮ್ಮನ ಮಾತು ಎಂದರೆ ಅಮ್ಮನ ತುಟಿ. ಅವಳು ಕೊನೆಗೆ ಆಡಿದ್ದು ಏನೆಂದು ನನಗೆ ಗೊತ್ತಿಲ್ಲ. ಹಾಗಾಗಿ ಈ ಡಿಸ್ಕೇ ನನ್ನ ಪಾಲಿನ ಕೊನೆಯ ಮಾತು. ಅದನ್ನಾದರೂ ನೆಟ್ಟಗೆ ಮಾಡಿ ಕಳಿಸಬಾರದಿತ್ತೇ?

ಇನ್ನೊಂದು. ಅಮ್ಮ ಯಾಕೆ ಹಿಂದಿನ ಕೋಣೆಯಲ್ಲಿ ಕೂತಿದ್ದಾಳೆ? ಆ ಗೋಡೆ, ಔಷಧಿ ಕಂಪನಿಯವರು ಕೊಟ್ಟ ಆ ಗಡಿಯಾರ, ನಿನ್ನ ಉಗ್ರಾಣದ್ದಲ್ಲವೇ?

ಮೊಬೈಲಿನಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ ಒತ್ತಿ ಕಳಿಸಬೇಡ. ಕಾಗದ ಬರೆ.

ಅಕ್ಕ


ಜೂನ್ 12

ಅಕ್ಕಾ,

ನಿನ್ನ ಕಾಗದ ಬಂತು. ಕಾಗದ ಅಲ್ಲ, ಕೆಂಡ. ಪೋಸ್ಟ್‌ಮ್ಯಾನ್ ಕೈ ಸುಟ್ಟುಕೊಳ್ಳದೆ ಹೇಗೆ ತಂದನೋ.

ಓದಿದ ಕೂಡ್ಲೇ ಇಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದೆ. ಬೆಣ್ಣೇಲಿ ಕೂದಲು ತೆಗೆದ ಹಾಗೆ ಓಡ್ತಿದೆ. ಒಂದು ಚೂರೂ ನಡುಕ ಇಲ್ಲ. ನನ್ನ ಹೆಂಡತಿಯನ್ನೂ ಕೂರಿಸಿ ತೋರಿಸಿದೆ, ಅವಳೂ ಸರಿಯಾಗಿದೆ ಅಂದ್ಳು. ಧ್ವನಿ ಅಂತೂ ಅಮ್ಮ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ. ಚಿತ್ರ ಒಂದಿಷ್ಟು ಅಲ್ಲಾಡಿದ್ರೆ ಏನೀಗ, ಮಾತು ಪೂರ್ತಿ ಕೇಳಿಸುತ್ತಲ್ಲ.

ನಿನ್ನ ಪ್ಲೇಯರ್ ಹಳೇದಾಗಿರಬೇಕು. ಇಲ್ಲಾ ಡಿಸ್ಕ್ ಅಗ್ಗದ್ದು. ಯಾವುದಕ್ಕೂ ಇರಲಿ ಅಂತ ಒಳ್ಳೇ ಡಿಸ್ಕ್ ತಂದು, ಬರೆಯೋ ವೇಗ ಕಡಿಮೆ ಮಾಡಿ ಇನ್ನೊಂದು ಮಾಡಿದೀನಿ. ಇದರ ಜೊತೆಗಿದೆ.

ಹಿಂದಿನ ಕೋಣೇಲಿ ಸದ್ದು ಕಡಿಮೆ, ಅದಕ್ಕೆ ಅಲ್ಲಿ ತೆಗೆದ್ವಿ.

ಬೇಕಿದ್ರೆ ಅಮ್ಮ ಹೇಳಿದ್ದನ್ನೆಲ್ಲ ನಾನೇ ಬರೆದು ಕಳಿಸ್ತೀನಿ. ಓದ್ಕೊಂಡ್ರಾಯ್ತು.

ನಿನ್ನ ತಮ್ಮ


ಜೂನ್ 19

ಮಾತು ಪೂರ್ತಿ ಕೇಳಿಸುತ್ತದೆ. ಯಾರಿಗಪ್ಪಾ?

ಈ ಒಂದು ಸಾಲನ್ನು ನಾನು ಮೂರು ದಿನ ಕೈಚೀಲದಲ್ಲಿಟ್ಟುಕೊಂಡು ಓಡಾಡಿದೆ. ಊಟದ ಬಿಡುವಿನಲ್ಲಿ ತೆಗೆದು ಓದಿದೆ, ಮಡಚಿಟ್ಟೆ, ಮತ್ತೆ ತೆಗೆದೆ. ನಲವತ್ತು ವರ್ಷ ಒಂದೇ ಮನೆಯ ಮಗ ನೀನು. ನಾನು ಬೆನ್ನು ತಿರುಗಿಸಿದ್ದರೆ ಹೆಗಲು ಮುಟ್ಟಿ ಕರೆಯಬೇಕೆಂದು ನಿನಗೆ ಮೂರು ವರ್ಷಕ್ಕೇ ಗೊತ್ತಿತ್ತು. ಈಗ ಮೀಸೆ ನರೆತ ಮೇಲೆ ಮರೆತೆಯಾ? ಕುರುಡಿಗೆ ಕನ್ನಡಿ ಕಳಿಸಿ, ಚೌಕಟ್ಟು ಗಟ್ಟಿಯಾಗಿದೆಯಲ್ಲ ಎಂದವನ ಹಾಗಾಯಿತು ನಿನ್ನ ಕಥೆ.

ನಿನ್ನ ಎರಡನೇ ಡಿಸ್ಕೂ ಹಾಗೇ ಅದುರುತ್ತದೆ. ನನ್ನ ಪ್ಲೇಯರಿಗೆ ಏನೂ ಆಗಿಲ್ಲ. ಅಂಗಡಿಯಿಂದ ತಂದ ಸಿನಿಮಾಗಳು ಅದರಲ್ಲಿ ನೀರಿನಂತೆ ಹರಿಯುತ್ತವೆ. ಮೇಲಿನ ಮನೆಯವರ ಹೊಸ ಪ್ಲೇಯರಿನಲ್ಲೂ ಹಾಕಿಸಿ ನೋಡಿದೆ, ಅದೇ ನಡುಕ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿನ್ನ ಡಿಸ್ಕಿಗೆ ಕುಣಿಯಲು ಬಾರದು, ಡೊಂಕು ಮಾತ್ರ ನನ್ನ ಪ್ಲೇಯರು!

ಬರೆದು ಕಳಿಸುವುದು ಬೇಡ. ದಿನವಿಡೀ ಪ್ರೆಸ್ಸಿನಲ್ಲಿ ಪ್ರೂಫ್ ಓದಿ, ತಪ್ಪು ತಿದ್ದಿ ಅನ್ನ ತಿನ್ನುವವಳು ನಾನು. ಇನ್ನೊಬ್ಬರ ಕೈ ದಾಟಿ ಬಂದ ಮಾತಿಗೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನನಗೆ ಅವಳ ಮುಖ ಬೇಕು.

ಅಕ್ಕ


ಜುಲೈ 3

ಅಕ್ಕಾ,

ತಪ್ಪಾಯ್ತು. ಆ ಸಾಲು ಹಾಗೆ ಬರೀಬಾರದಿತ್ತು. ಕೈ ಮುಂದೆ ಓಡ್ತು, ತಲೆ ಹಿಂದೆ ಉಳೀತು.

ಆದ್ರೆ ಒಂದು ಮಾತು. ಬೆಳಿಗ್ಗೆ ಎಂಟಕ್ಕೆ ಔಷಧಿ ಅಂಗಡಿ ಬಾಗಿಲು ತೆಗೀತೀನಿ. ಕೌಂಟರಿಗೆ ಬಂದವರು ಕೆಮ್ಮಿದ್ದೂ ನನ್ನ ಮೇಲೆ, ಬೈದಿದ್ದೂ ನನ್ನ ಮೇಲೆ. ಸಂಜೆ ಬಂದ್ರೆ ನಿನ್ನ ಕಾಗದ. ಕ್ಯಾಮೆರಾ ಕೊಂಡಿದ್ದು ನಾನು, ಅಮ್ಮನ್ನ ಕೂರಿಸಿ ಮಾತಾಡಿಸಿದ್ದು ನಾನು. ಇದಾವುದೂ ಲೆಕ್ಕಕ್ಕಿಲ್ಲ, ನಡುಕ ಒಂದೇ ಕಾಣುತ್ತೆ ನಿನಗೆ.

ಅಂಗಡಿಗೆ ಬರೋ ಕಂಪ್ಯೂಟರ್ ಮೇಷ್ಟ್ರನ್ನ ಕೇಳ್ದೆ. ಒಂದೊಂದು ಸೆಕೆಂಡಿಗೂ ಜಾಸ್ತಿ ಮಾಹಿತಿ ತುರುಕಿದ್ರೆ ಪ್ಲೇಯರು ಏದುಸಿರು ಬಿಡುತ್ತೆ, ಕಡಿಮೆ ಮಾಡಿ ನೋಡಿ ಅಂದ್ರು. ಮಾಡಿದೀನಿ. ಇದು ಮೂರನೇ ಡಿಸ್ಕ್.

ನೀನು ಬೇಡ ಅಂದ್ರೂ ಎರಡು ಭಾನುವಾರ ಕೂತು ಅಮ್ಮನ ಮಾತು ಬರೆದಿದೀನಿ. ಒಂಬತ್ತು ಪುಟ. ಬೇಡದಿದ್ರೆ ಒಲೆಗೆ ಹಾಕು.

ತಮ್ಮ


ಜುಲೈ 10

ತಮ್ಮಾ,

ಒಲೆಗೆ ಹಾಕಿಲ್ಲ. ತಿದ್ದಿದ್ದೇನೆ. ಒಂಬತ್ತೂ ಪುಟ ಇದರೊಂದಿಗೆ ವಾಪಸು ಬಂದಿದೆ, ಕೆಂಪು ಗುರುತುಗಳ ಸಮೇತ.

ಮೊದಲ ಪುಟ, ನಾಲ್ಕನೇ ಸಾಲು: "ನಿನ್ನ ಆರೋಗ್ಯದ ಕಡೆ ಗಮನ ಕೊಡು." ಅಮ್ಮ ಜನ್ಮದಲ್ಲಿ ಹೀಗೆ ಹೇಳಿದವಳಲ್ಲ. "ಮೈ ನೋಡ್ಕೋ" ಎನ್ನುತ್ತಿದ್ದಳು. ಮೂರನೇ ಪುಟ: "ನಿಮ್ಮ ತಂದೆಯವರು ಬಹಳ ಕೋಪಿಷ್ಠರಾಗಿದ್ದರು." ಅಪ್ಪನನ್ನು ಅವಳು "ನಿಮ್ಮಪ್ಪ ಅನ್ನೋ ಪಟಾಕಿ" ಎನ್ನದೆ ಕರೆದದ್ದುಂಟೇ? ಏಳನೇ ಪುಟದಲ್ಲಿ ಅವಳು "ಇತ್ಯಾದಿ" ಎಂದಿದ್ದಾಳಂತೆ! ನೀನು ಅಮ್ಮನಿಗೆ ಇಸ್ತ್ರಿ ಮಾಡಿಬಿಟ್ಟಿದ್ದೀಯ. ಮರ್ಯಾದಸ್ಥೆಯಾಗಿ ಕಾಣಲಿ ಎಂದು ಮಾಡಿರಬಹುದು. ನನಗೆ ಮಾತ್ರ ಯಾರೋ ಗೊತ್ತಿಲ್ಲದ ಹೆಂಗಸು ಒಂಬತ್ತು ಪುಟ ಭಾಷಣ ಮಾಡಿದಂತೆ ಕಾಣಿಸಿತು.

ಮೂರನೇ ಡಿಸ್ಕೂ ಅದುರಿತು. ಸಿಟ್ಟಿನಲ್ಲಿ ಅದನ್ನು ತೆಗೆದುಕೊಂಡು ಪ್ರೆಸ್ಸಿನ ಎದುರಿನ ಫೋಟೋ ಸ್ಟುಡಿಯೋಗೆ ಹೋದೆ. ಮದುವೆಯ ವಿಡಿಯೋ ಜೋಡಿಸುವ ಹೆಂಗಸು ಅದರ ಯಜಮಾನಿ. ಬಾಯಿ ತುಂಬ ಕೂದಲ ಪಿನ್ನು ಕಚ್ಚಿಕೊಂಡು ಕೆಲಸ ಮಾಡುತ್ತಾಳೆ, ಆದ್ದರಿಂದ ಅವಳ ತುಟಿ ಓದಲು ಆಗುವುದಿಲ್ಲ. ಹಳೆಯ ಲಕೋಟೆಗಳ ಬೆನ್ನ ಮೇಲೆ ಬರೆದು ತೋರಿಸುತ್ತಾಳೆ. ಅವಳು ಅಮ್ಮನ ಕೈಯನ್ನು ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿದಳು. ಕೈ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಪಿನ್ನು ತೆಗೆದು ನಕ್ಕಳು.

ಅವಳು ಬರೆದುಕೊಟ್ಟದ್ದನ್ನು ಹಾಗೆಯೇ ಇಳಿಸುತ್ತೇನೆ. ಕ್ಯಾಮೆರಾ ಒಂದು ಚಿತ್ರವನ್ನು ಇಡಿಯಾಗಿ ತೆಗೆಯುವುದಿಲ್ಲ, ಎರಡು ಅರ್ಧವಾಗಿ ತೆಗೆಯುತ್ತದೆ. ಗೆರೆ ಬಿಟ್ಟು ಗೆರೆ ಮೊದಲ ಅರ್ಧ, ನಡುವೆ ಬಿಟ್ಟ ಗೆರೆಗಳು ಎರಡನೇ ಅರ್ಧ. ನಿನ್ನಂಥ ಟೇಪ್ ಕ್ಯಾಮೆರಾ ಕೆಳಗಿನ ಗೆರೆಯಿಂದ ಶುರು ಮಾಡುತ್ತದೆ. ಡಿಸ್ಕ್ ಮಾಡುವಾಗ ನೀನು "ಮೇಲಿನದು ಮೊದಲು" ಎಂದು ಒತ್ತಿದ್ದೀಯ. ಹಾಗಾಗಿ ಆಮೇಲೆ ಆದದ್ದು ಮೊದಲು ಕಾಣುತ್ತದೆ, ಮೊದಲು ಆದದ್ದು ಆಮೇಲೆ. ಸುಮ್ಮನೆ ಕೂತವರಿಗೆ ಇದರಿಂದ ಏನೂ ಆಗುವುದಿಲ್ಲ, ಅಲ್ಲಾಡಿದವರು ಮಾತ್ರ ಅದುರುತ್ತಾರೆ. ಕಂಪ್ಯೂಟರು ಎರಡು ಅರ್ಧವನ್ನೂ ಬೆರೆಸಿ ತೋರಿಸಿ ತಪ್ಪು ಮುಚ್ಚುತ್ತದೆ, ಟಿವಿ ಮುಚ್ಚುವುದಿಲ್ಲ. ನಿನ್ನ ಕಣ್ಣಿಗೆ ಬೆಣ್ಣೆ, ನನ್ನ ಕಣ್ಣಿಗೆ ಸುಣ್ಣ ಆದದ್ದು ಹೀಗೆ.

ಡಿಸ್ಕ್ ಮಾಡುವಾಗ "ಕೆಳಗಿನದು ಮೊದಲು" ಎಂದು ಆರಿಸು. ಡಿಸ್ಕಿನ ಜಾತಿ, ವೇಗ, ಏದುಸಿರು ಇದಾವುದೂ ಕಾರಣ ಅಲ್ಲವಂತೆ.

ಅಕ್ಕ


ಜುಲೈ 21

ಅಕ್ಕಾ,

ಆ ಆಯ್ಕೆ ಒಂದು ಮೂಲೇಲಿ ಇತ್ತು, ಸಾಸಿವೆಯಷ್ಟು. ಬದಲಾಯಿಸಿದೆ. ಪಕ್ಕದ ಮನೆಯವರ ಟಿವೀಲಿ ಹಾಕಿ ನೋಡ್ದೆ. ಹಳೇ ಡಿಸ್ಕೂ ಹಾಕ್ದೆ, ಹೊಸದೂ ಹಾಕ್ದೆ. ಹಳೇದು ನೋಡಿ ನನಗೇ ತಲೆ ಸುತ್ತಿ ಬಂತು. ಇದನ್ನ ನೀನು ಒಂದೂಮುಕ್ಕಾಲು ಗಂಟೆ ನೋಡಿದ್ದೀಯ ಅಂದ್ರೆ…

ನಾಲ್ಕನೇ ಡಿಸ್ಕ್ ಕಳಿಸ್ತಿದೀನಿ. ಸ್ಟುಡಿಯೋದಮ್ಮನಿಗೆ ನನ್ನ ನಮಸ್ಕಾರ ಹೇಳು. ನನ್ನ ಒಂಬತ್ತು ಪುಟಾನೂ ತಿದ್ದೋಕೆ ಅವಳಿಗೇ ಕೊಟ್ಟಿದ್ಯಾ, ಇಲ್ಲಾ ಆ ಕೆಂಪು ಶಾಯಿ ಪೂರಾ ನಿಂದೇನಾ?

ಇನ್ನಾದ್ರೂ ಜಗಳ ಮುಗೀತಲ್ಲ.

ತಮ್ಮ


ಜುಲೈ 29

ತಮ್ಮಾ,

ಅಮ್ಮ ಮಾತಾಡಿದಳು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಹಾಕಿದೆ. ಮೊದಲ ವಾಕ್ಯಕ್ಕೇ ನಾನು ಜೋರಾಗಿ ಏನೋ ಅಂದಿರಬೇಕು, ಮೇಲಿನ ಮನೆಯಾಕೆ ಇಳಿದು ಬಂದು ಬಾಗಿಲಲ್ಲಿ ನಿಂತಿದ್ದಳು. ಅಮ್ಮ "ನಿಮ್ಮಪ್ಪ ಅನ್ನೋ ಪಟಾಕಿ" ಎಂದೇ ಅಂದಿದ್ದಾಳೆ. ಎಷ್ಟು ಸ್ಪಷ್ಟವಾಗಿ! ನಾನು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಕರೆಂಟು ಹೋದ ಕಥೆ, ನೀನು ಅವಳ ಕನ್ನಡಕವನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟ ಕಥೆ, ಎಲ್ಲ ಓದಿದೆ. ನಿನಗೆ ಪುಣ್ಯ ಬರಲಿ ಎಂದು ಬರೆಯಬೇಕೆಂದೇ ಈ ಕಾಗದ ಶುರು ಮಾಡಿದ್ದು.

ಆದರೆ ಎರಡನೇ ಸಲ ನೋಡುವಾಗ ನನ್ನ ಕಸುಬಿನ ಕಣ್ಣು ಎಚ್ಚರವಾಯಿತು. ಅಮ್ಮನ ಹಿಂದಿನ ಗಡಿಯಾರದಲ್ಲಿ ಹನ್ನೊಂದು ಹತ್ತು. ಅವಳು "ಸರಿ, ನೀನು ಅಂಗಡಿಗೆ ಹೋಗು" ಎನ್ನುತ್ತಾಳೆ, ಕಣ್ಣು ಬಾಗಿಲ ಕಡೆ. ಮರುಕ್ಷಣ ಹನ್ನೊಂದು ಇಪ್ಪತ್ತನಾಲ್ಕು. ಸ್ಟೂಲಿನ ಮೇಲೆ ತುಂಬಿದ್ದ ಲೋಟ ಖಾಲಿ. ಶಾಲು ಹೆಗಲಿನಿಂದ ತೊಡೆಗೆ ಬಂದಿದೆ. ಅವಳ ಕಣ್ಣು ಒದ್ದೆ. ಮತ್ತೆ ಏನೂ ಆಗದವಳಂತೆ ಕನ್ನಡಕದ ಕಥೆ ಶುರು ಮಾಡುತ್ತಾಳೆ.

ನೀನು ಇತ್ತೀಚೆಗೆ ಬರೆದ ಕಾಗದಗಳನ್ನೆಲ್ಲ ತಿರುವಿ ಹಾಕಿದೆ, ಈ ಬಗ್ಗೆ ಒಂದಕ್ಷರ ಇಲ್ಲ. ಹದಿನಾಲ್ಕು ನಿಮಿಷ ಎಲ್ಲಿ?

ಅಕ್ಕ


ಆಗಸ್ಟ್ 5

ಅಕ್ಕಾ,

ಅಲ್ಲಿ ಏನೂ ಇಲ್ಲ. ನಾನು ಅಂಗಡಿಗೆ ಹೋಗಿದ್ದೆ, ಕ್ಯಾಮೆರಾ ಓಡ್ತಾನೇ ಇತ್ತು. ಅಮ್ಮ ಸುಮ್ಮನೆ ಕೂತಿದ್ದಾಳೆ. ಧ್ವನಿನೇ ಇಲ್ಲ. ಡಿಸ್ಕಲ್ಲಿ ಜಾಗ ಸಾಲ್ಲಿಲ್ಲ, ಅದಕ್ಕೆ ಖಾಲಿ ಭಾಗ ತೆಗೆದೆ.

ತಮ್ಮ


ಆಗಸ್ಟ್ 9

ಧ್ವನಿ ಇಲ್ಲದ್ದು ಖಾಲಿ ಎಂದು ನಿನಗೆ ಹೇಳಿದವರು ಯಾರು?

ಅಮ್ಮ ನನ್ನೊಡನೆ ಧ್ವನಿ ತೆಗೆದು ಮಾತಾಡಿದ್ದು ಯಾವಾಗ? ನನಗೆ ಕಿವಿ ಹೋದ ಹೊಸದರಲ್ಲಿ ಊರಿನವರೆಲ್ಲ ನನ್ನೆದುರು ಅರಚುತ್ತಿದ್ದರು. ಅರಚಿದರೆ ಬಾಯಿ ಗುಹೆಯಾಗುತ್ತದೆ, ಒಂದಕ್ಷರವೂ ಕಾಣುವುದಿಲ್ಲ. ಅದನ್ನು ಮೊದಲು ಅರಿತವಳು ಅಮ್ಮ. ಅವಳು ಧ್ವನಿಯನ್ನು ಪೂರ್ತಿ ಆರಿಸಿಬಿಟ್ಟು ತುಟಿಯಲ್ಲಷ್ಟೇ ಆಡುತ್ತಿದ್ದಳು, ನಿಧಾನವಾಗಿ, ಚೊಕ್ಕವಾಗಿ. ಮದುವೆ ಮನೆಯಲ್ಲಿ ಆ ತುದಿಯಿಂದ ಈ ತುದಿಗೆ, ನೂರು ಜನರ ತಲೆ ಮೇಲೆ, "ನಿನ್ನ ದೊಡ್ಡಮ್ಮ ಮೂರನೇ ಸಲ ಬಡಿಸಿಕೊಂಡ್ಲು ನೋಡು" ಎನ್ನುತ್ತಿದ್ದಳು. ನಾನು ನಗು ತಡೆಯಲಾರದೆ ಕೈತೊಳೆಯುವ ನೆಪ ಮಾಡಿ ಎದ್ದು ಹೋಗುತ್ತಿದ್ದೆ. ಇದು ಆ ಮನೆಯಲ್ಲಿ ಬೆಳೆದ ನಿನಗೆ ಗೊತ್ತಿಲ್ಲವೇ?

ನಿನ್ನನ್ನು ಅಂಗಡಿಗೆ ಕಳಿಸಿ, ಕ್ಯಾಮೆರಾ ಎದುರು ಅವಳು ಹದಿನಾಲ್ಕು ನಿಮಿಷ "ಸುಮ್ಮನೆ" ಕೂತಳೇ? ಡಿಸ್ಕಿನಲ್ಲಿ ಜಾಗ ಸಾಲದಿದ್ದರೆ ನನಗೆ ಕೇಳಿಸದ ಆ ಒಂದೂಮುಕ್ಕಾಲು ಗಂಟೆಯ ಧ್ವನಿಯನ್ನು ತೆಗೆದುಹಾಕಬೇಕಿತ್ತು. ನನ್ನ ಪಾಲಿನದನ್ನೇ ಹುಡುಕಿ ಕತ್ತರಿಸಿದೆಯಲ್ಲೋ!

ಟೇಪು ಕಳಿಸು. ಡಿಸ್ಕ್ ಅಲ್ಲ, ಟೇಪು. ಅದರ ಮೇಲೆ ನಿನ್ನ ಮಗಳ ಶಾಲೆಯ ಕಾರ್ಯಕ್ರಮವನ್ನೋ ಮತ್ತೊಂದನ್ನೋ ತುಂಬಿಸಿದ್ದರೆ, ಅದನ್ನೂ ಈಗಲೇ ಹೇಳಿಬಿಡು.


ಆಗಸ್ಟ್ 30

ಮೂರು ವಾರವಾಯಿತು. ನಿನ್ನ ಅಂಗಡಿ ತೆರೆದಿದೆ, ನೀನು ಹುಷಾರಾಗಿದ್ದೀಯ ಎಂದು ನಿನ್ನ ಹೆಂಡತಿ ಮೊಬೈಲಿಗೆ ತಿಳಿಸಿದಳು. ಹಾಗಾದರೆ ಕೈಗೇನಾಗಿದೆ?

ಟೇಪು ಇದೆಯೋ ಇಲ್ಲವೋ?


ಸೆಪ್ಟೆಂಬರ್ 14

ಅಕ್ಕಾ,

ಇದೆ. ಇದರ ಜೊತೇಲೇ ಇದೆ, ಹತ್ತಿ ಸುತ್ತಿ ಔಷಧಿ ಡಬ್ಬೀಲಿ ಇಟ್ಟಿದೀನಿ. ಅದರ ಮೇಲೆ ಏನೂ ತುಂಬಿಸಿಲ್ಲ. ನಿಂಗೆ ಹಾಗನ್ನಿಸಿತಲ್ಲ, ಅದು ಸ್ವಲ್ಪ ಚುಚ್ತು. ಆದ್ರೆ ಚುಚ್ಚಿಸಿಕೊಳ್ಳೋ ಕೆಲಸಾನೇ ಮಾಡಿದೀನಿ.

ಸುಳ್ಳು ಬರೆದಿದ್ದೆ. ಅಮ್ಮ ಸುಮ್ಮನೆ ಕೂತಿರಲಿಲ್ಲ. ಅವತ್ತೇ ನನಗೆ ಗೊತ್ತಿತ್ತು. ಅಂಗಡಿಗೆ ಹೋಗು ಅಂದಾಗ ಹೋಗಲಿಲ್ಲ ನಾನು. ಬಾಗಿಲ ಆಚೆ ನಿಂತು ಸಂದೀಲಿ ನೋಡ್ತಿದ್ದೆ. ಅಮ್ಮ ಕ್ಯಾಮೆರಾ ಮುಂದೆ ಬಾಯಿ ಆಡಿಸ್ತಿದ್ಲು, ನಿನ್ನ ಜೊತೆ ಆಡಿಸ್ತಿದ್ಲಲ್ಲ, ಹಾಗೇ.

ಆಮೇಲೆ ಕಂಪ್ಯೂಟರಲ್ಲಿ ಹಾಕಿ ಓದೋಕೆ ನೋಡ್ದೆ. ಬಚ್ಚಲುಮನೆ ಕನ್ನಡಿ ಮುಂದೆ ನಿಂತು ನಾನೂ ಹಾಗೇ ಬಾಯಿ ಆಡಿಸ್ದೆ. ನನ್ನ ಹೆಂಡತಿ ಬಂದು "ಹಲ್ಲು ನೋವಾ, ಲವಂಗ ಕೊಡ್ಲಾ?" ಅಂದ್ಲು. ಏನೂ ಗೊತ್ತಾಗ್ಲಿಲ್ಲ. ಒಂದು ಪದ ಮಾತ್ರ ಗೊತ್ತಾಯ್ತು. "ಗುಂಡ." ನನ್ನ ಹೆಸರನ್ನ ಅವಳ ಬಾಯಲ್ಲಿ ಅಷ್ಟು ವರ್ಷ ನೋಡಿದೀನಿ, ಅದು ಗೊತ್ತಾಗದೆ ಇರುತ್ತಾ. ಎರಡನೇ ಸಲ ಗುಂಡ ಅಂದಾಗ ನಿಲ್ಲಿಸಿಬಿಟ್ಟೆ. ಅಲ್ಲಿಂದ ಮುಂದೆ ನೋಡೋ ಧೈರ್ಯ ಬರ್ಲಿಲ್ಲ. ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತನಾಲ್ಕು ಆಗೋ ತನಕದ್ದನ್ನ ಕಣ್ಣು ಮುಚ್ಚಿ ಕತ್ತರಿಸ್ದೆ.

ಹಿಂದಿನ ಕೋಣೆ ವಿಷಯಾನೂ ಸುಳ್ಳೇ. ಸದ್ದಿಗಾಗಿ ಅಲ್ಲ. ಅಮ್ಮ ಐದು ತಿಂಗಳು ಅಲ್ಲೇ ಇದ್ಲು. ಹೊಸ ಫ್ರಿಜ್ಜು, ಸರಕಿನ ಡಬ್ಬ ಇಡೋಕೆ ಮುಂದಿನ ಕೋಣೆ ಬೇಕಿತ್ತು. ಕೇಳ್ದಾಗ "ಸರಿಯಪ್ಪ" ಅಂದ್ಲು. ಆ ಕೋಣೇಲಿ ಕಿಟಕಿ ಚಿಕ್ಕದು. ಅದನ್ನೇ ನಿನ್ನ ಹತ್ರ ಹೇಳ್ಕೊಂಡಿದಾಳೆ ಅಂತ ನನಗೆ ಖಾತ್ರಿ. ನೀನು ಓದ್ತೀಯ, ಆಮೇಲೆ ನಿನ್ನ ಕೆಂಪು ಶಾಯಿ.

ಇನ್ನೂ ಒಂದು ಹೇಳ್ತೀನಿ, ಬೈದ್ರೆ ಬೈಯಿ. ಚಿಕ್ಕವನಿದ್ದಾಗ ಊಟಕ್ಕೆ ಕೂತ್ರೆ ನೀವಿಬ್ರೂ ತಟ್ಟೆ ಮೇಲಿಂದ ತುಟೀಲಿ ಏನೋ ಹೇಳ್ಕೊಳ್ಳೋದು, ನಗೋದು. ಏನಮ್ಮ ಅಂದ್ರೆ "ಏನಿಲ್ಲ, ಉಣ್ಣು." ಅಕ್ಕಾ, ಆ ಮನೇಲಿ ಕಿವಿ ಕೇಳೋನು ನಾನು, ಕಿವುಡನೂ ನಾನೇ. ಅದನ್ನ ನಿಮ್ಮಲ್ಲಿ ಒಬ್ರೂ ಗಮನಿಸ್ಲಿಲ್ಲ. ಕತ್ತರಿಸುವಾಗ ಅದೂ ನೆನಪಿಗೆ ಬಂದಿತ್ತು ಅಂತ ಒಪ್ಕೋತೀನಿ.

ನನ್ನ ಬಗ್ಗೆ ಏನಂದಿದಾಳೋ ಬರಿ. ಇಸ್ತ್ರಿ ಮಾಡ್ಬೇಡ.

ಗುಂಡ


ಸೆಪ್ಟೆಂಬರ್ 28

ಗುಂಡಾ,

ಸ್ಟುಡಿಯೋದಾಕೆ ತನ್ನ ಕ್ಯಾಮೆರಾಕ್ಕೆ ಟೇಪು ಹಾಕಿ, ಟಿವಿಗೆ ತಂತಿ ಜೋಡಿಸಿ, ನನ್ನನ್ನು ಒಬ್ಬಳನ್ನೇ ಬಿಟ್ಟು ಹೊರಗೆ ಕೂತಳು. ಮೂರು ಸಲ ನೋಡಿದೆ. ಆಮೇಲೆ ಬರೆದುಕೊಂಡೆ. ಒಂದಕ್ಷರ ತಿದ್ದಿಲ್ಲ. ಇಷ್ಟು ವರ್ಷದಲ್ಲಿ ನಾನು ಕೆಂಪು ಶಾಯಿ ತೆರೆಯದೆ ಮುಗಿಸಿದ ಪುಟ ಇದೊಂದೇ.

ಮೊದಲು ಅವಳು ಬಾಗಿಲ ಕಡೆ ನೋಡಿ, ಆಮೇಲೆ ನನ್ನ ಕಡೆ ತಿರುಗಿ, ಶಾಲು ಸರಿಪಡಿಸಿಕೊಂಡು ಹೇಳಿದ್ದು:

"ಗುಂಡ ನನ್ನನ್ನ ಇಲ್ಲಿಗೆ ಹಾಕಿದಾನೆ. ಮುಂದಿನ ಕೋಣೆ ಔಷಧಿಗೆ ಬೇಕಂತೆ. ಔಷಧಿ ಕುಡಿಯೋಳಿಗಿಂತ ಔಷಧಿಗೇ ಗಾಳಿ ಜಾಸ್ತಿ ಬೇಕಂತೆ ಕಣೇ. ಸೆಕೆ. ನಾನೇ ಸರಿ ಅಂದೆ. ಸರಿ ಅಂದಿದ್ದನ್ನ ನಂಬಿಬಿಟ್ಟ ಪೆದ್ದ. ಬಾಯಲ್ಲಿ ಬಂದಿದ್ದೆಲ್ಲ ನಿಜ ಅಂದ್ಕೊಂಡಿದಾನೆ."

ಹೌದು, ದೂರೇ. ನಿನ್ನ ಅನುಮಾನ ಸುಳ್ಳಲ್ಲ. ನಾನೂ ಓದುತ್ತ ಓದುತ್ತ ಹಲ್ಲು ಕಚ್ಚಿದೆ. ಐದು ತಿಂಗಳು! ಆ ಕಿಟಕಿಯಲ್ಲಿ ಬೆಕ್ಕು ಕೂಡ ನುಸುಳಲಾರದು. ಇದಕ್ಕೆ ನಿನ್ನನ್ನು ಎದುರಿಗೆ ಕೂರಿಸಿಕೊಂಡೇ ಬೈಯಬೇಕು, ಕಾಗದದಲ್ಲಿ ಮುಗಿಯುವಂಥದ್ದಲ್ಲ. ಆದರೆ ನನ್ನ ಸರದಿಯೂ ಬಂತು:

"ನೀನೇನು ಕಡಿಮೆಯಲ್ಲ. ವರ್ಷಕ್ಕೊಂದು ಸಲ ಬರ್ತೀಯ, ಪ್ರೂಫ್ ನೋಡೋ ಹಾಗೆ ಮನೆಯೆಲ್ಲ ನೋಡ್ತೀಯ, ತಪ್ಪು ಹುಡುಕ್ತೀಯ, ಬಸ್ ಹತ್ತುತೀಯ. ತಪ್ಪು ತೋರಿಸೋದು ಸುಲಭ. ಮಾತ್ರೆ ನುಂಗಿಸೋದು, ಬೆನ್ನು ಒರೆಸೋದು, ಅದು ಯಾರ ಕೆಲಸ? ಅವನು ಬೆನ್ನು ಒರೆಸುವಾಗ ಮುಖ ಆ ಕಡೆ ತಿರುಗಿಸ್ಕೋತಾನೆ. ನನಗೆ ನಾಚಿಕೆ ಆಗ್ಬಾರ್ದು ಅಂತ."

ಇಲ್ಲಿ ನಾನು ಯಂತ್ರ ನಿಲ್ಲಿಸಿದೆ. ಬೆನ್ನಿನ ವಿಷಯ ನೀನು ನನಗೆ ಎಂದೂ ಬರೆದಿರಲಿಲ್ಲ. ಕ್ಯಾಮೆರಾ ಕೊಂಡದ್ದನ್ನು ಬರೆದೆ, ಇದನ್ನು ಬರೆಯಲಿಲ್ಲ. ಮೂರು ತಿಂಗಳು ನನ್ನ ಕೈಲಿ ಬೈಸಿಕೊಂಡೆಯಲ್ಲ, ಒಂದು ಸಲವಾದರೂ ಇದನ್ನು ನನ್ನ ಮುಖಕ್ಕೆ ಎಸೆಯಬಾರದಿತ್ತೇ? ಅದಕ್ಕೂ ನನಗೆ ಸಿಟ್ಟಿದೆ.

ಆಮೇಲೆ ನೀನು ನೋಡದೆ ನಿಲ್ಲಿಸಿದ ಜಾಗ. ಅಮ್ಮ ಮತ್ತೆ ಬಾಗಿಲ ಕಡೆ ಕಣ್ಣು ಹಾಯಿಸಿ, ಸಣ್ಣಗೆ ನಕ್ಕು ಹೇಳುತ್ತಾಳೆ:

"ಗುಂಡ ಅಲ್ಲೇ ನಿಂತಿದಾನೆ. ಬಾಗಿಲ ಕೆಳಗೆ ಪಾದ ಕಾಣಿಸ್ತಿದೆ. ಚಿಕ್ಕವನಿದ್ದಾಗಲೂ ಹೀಗೇ ನಿಂತಿರ್ತಿದ್ದ, ನಾವಿಬ್ರೂ ಮಾತಾಡುವಾಗ. ನನಗೆ ಗೊತ್ತಿತ್ತು. ನೀನೂ ಕಂಡಿದ್ದೆ ಅಲ್ವಾ? ನಿನಗೆ ಒಬ್ಬಳು ಬೇಕಲ್ಲ ಅಂತ ನಾನು ಪೂರ್ತಿ ನಿನ್ನವಳಾಗಿಬಿಟ್ಟೆ. ಅವನಿಗೂ ಈ ಮಾತು ಕಲಿಸ್ಬೇಕಿತ್ತು. ನಾಳೆ ನಾಳೆ ಅಂತ ಕಲಿಸ್ಲೇ ಇಲ್ಲ. ನೀನು ಕಲಿಸು."

ಕಂಡಿದ್ದೆ, ಗುಂಡಾ. ಊಟದ ಹೊತ್ತು ನೀನು ನಮ್ಮಿಬ್ಬರ ಮುಖ ಮುಖ ನೋಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಲೋಕವೆಲ್ಲ ನನ್ನ ಕಿವಿಯ ಹಿಂದೆ ಮಾತಾಡುತ್ತಿತ್ತು. ಒಂದು ಮಾತಾದರೂ ನನಗೆ ಮಾತ್ರ ಎಂದು ಇರಲಿ ಎನ್ನಿಸುತ್ತಿತ್ತು. ಬಿಟ್ಟುಕೊಡಲಿಲ್ಲ. ನಿನ್ನ ಹದಿನಾಲ್ಕು ನಿಮಿಷದ ಲೆಕ್ಕ ಕೇಳಿದ ನಾನು ಆ ವರ್ಷಗಳ ಲೆಕ್ಕ ಕೊಡಬೇಕಾಗುತ್ತದೆ. ನಿನ್ನ ಸಿಟ್ಟಿಗೆ ಕಾರಣ ಇದೆ.

ಕಲಿಸುತ್ತೇನೆ. ಮುಂದಿನ ತಿಂಗಳು ಅಂಗಡಿಗೆ ಬೀಗ ಹಾಕಿ ಒಂದು ವಾರ ಬಾ. ಆ ಕನ್ನಡಿಯೆದುರಿನ ಅಭ್ಯಾಸ ಬಿಡು, ನಿಜವಾಗಿಯೂ ಹಲ್ಲು ನೋವು ಬರುತ್ತದೆ. ಎದುರು ಇನ್ನೊಂದು ಮುಖ ಇಲ್ಲದೆ ಈ ವಿದ್ಯೆ ಹತ್ತುವುದಿಲ್ಲ.

ಇನ್ನು ಕೊನೆಯದು. ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತಮೂರು. ಬಾಗಿಲು ತೆರೆಯುತ್ತದೆ, ನಿನ್ನ ಕೈ ಮಾತ್ರ ಕಾಣುತ್ತದೆ, ಅದರಲ್ಲಿ ಮಾತ್ರೆ. ಅಮ್ಮ ಕಣ್ಣೊರೆಸಿಕೊಂಡು ನಿನ್ನ ಕಡೆ ತಿರುಗಿ, "ಬಂದ್ಯಾ? ಅಷ್ಟು ಹೊತ್ತಿಂದ ನಿಂತಿದ್ಯಲ್ಲ, ಕಾಲು ನೋಯ್ಲಿಲ್ವೇನೋ ಮಗನೇ?" ಎನ್ನುತ್ತಾಳೆ. ನೀನು ಅಲ್ಲೇ ಇದ್ದೆ, ಕೇಳಿಸಿಕೊಂಡಿದ್ದೀಯ, ಮರೆತಿದ್ದೀಯ. ಆಮೇಲೆ ಕಣ್ಣು ಮುಚ್ಚಿ ಕತ್ತರಿಸಿದ್ದರಲ್ಲಿ ಅದೂ ಹೋಯಿತು.

ಇದನ್ನು ಅವಳು ಧ್ವನಿಯಲ್ಲಿ ಹೇಳಿದ್ದಾಳೆ. ಕತ್ತಿನ ನರ ಅಲ್ಲಾಡಿದ್ದು ನೋಡಿಯೇ ನನಗೆ ತಿಳಿಯಿತು. ಹೊರಗೆ ಕೂತಿದ್ದ ಸ್ಟುಡಿಯೋದಾಕೆಯೂ ಬೆಚ್ಚಿ ಒಳಗೆ ಇಣುಕಿದಳು. ಹದಿನಾಲ್ಕು ನಿಮಿಷದಲ್ಲಿ ಸದ್ದಿರುವ ಮಾತು ಅದೊಂದೇ, ನಿನ್ನದು. ಅದನ್ನಷ್ಟೇ ಪ್ರತ್ಯೇಕ ಡಿಸ್ಕ್ ಮಾಡಿಸಿ ಕಳಿಸಿದ್ದೇನೆ. ಕೆಳಗಿನ ಗೆರೆ ಮೊದಲು, ಎರಡೆರಡು ಸಲ ನೋಡಿ ಒತ್ತಿಸಿದ್ದೇನೆ. ಟೇಪು ಮಾತ್ರ ನನ್ನ ಬಳಿ ಇರುತ್ತದೆ.

ಹಾಕಿಕೊಂಡು ಕೇಳು. ಕೇಳಿ ನನಗೆ ಬರೆ. ಅವಳ ಧ್ವನಿ ನನ್ನಲ್ಲಿ ಏಳನೇ ವರ್ಷಕ್ಕೆ ನಿಂತುಹೋಗಿದೆ, ಆಗ ಅವಳಿಗೆ ಇನ್ನೂ ಮೂವತ್ತಾಗಿರಲಿಲ್ಲ. ಮುದುಕಿಯಾದ ಮೇಲೆ ಹೇಗಿತ್ತು? "ಮಗನೇ" ಎನ್ನುವಾಗ ಏರಿತೇ, ಇಳಿಯಿತೇ, ಒಡೆಯಿತೇ? "ಚೆನ್ನಾಗಿದೆ", "ಸ್ಪಷ್ಟವಾಗಿದೆ" ಎಂದು ಒಂದು ಸಾಲು ಗೀಚಿ ಕಳಿಸಿದರೆ ಹರಿದು ವಾಪಸು ಹಾಕುತ್ತೇನೆ. ಒಂಬತ್ತು ಪುಟ ಬರೆಯುವವನು ನೀನು. ಬರೆ.

ಅಕ್ಕ